ಯುರೋಪಿನಲ್ಲಿ ನದಿ ಕ್ರೂಸ್: ರೈನ್ ಆರಿಸಲಾ, ಡ್ಯಾನ್ಯೂಬ್ ಆರಿಸಲಾ?

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಅಪ್ಪ ಅಮ್ಮನನ್ನು ಕರೆದುಕೊಂಡು ಯುರೋಪಿಗೆ ಹೋಗೋಣ ಅಂತ ನಾನು, ನನ್ನ ಗಂಡ ಯೋಚಿಸಿದ್ದೇವೆ. ಅಪ್ಪನಿಗೆ 71, ಅಮ್ಮನಿಗೆ 66. ಅಪ್ಪ ಗಟ್ಟಿಮುಟ್ಟು, ದಿನಾ ವಾಕಿಂಗ್ ಮಾಡುತ್ತಾರೆ. ಅಮ್ಮನಿಗೆ ಮಂಡಿ ನೋವು. ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಅಂದರೆ ಮುಖ ಸಪ್ಪಗಾಗುತ್ತದೆ.

ಪಕ್ಕದ ಮನೆಯವರು ಬಸ್ ಟೂರ್ ಹೋಗಿ ಬಂದರು. ಬೆಳಗ್ಗೆ ಆರಕ್ಕೇ ಸೂಟ್‌ಕೇಸ್ ಬಾಗಿಲ ಹೊರಗೆ ಇಡಬೇಕಂತೆ, ರಾತ್ರಿ ಇನ್ನೊಂದು ಊರು, ಇನ್ನೊಂದು ಹೋಟೆಲ್ಲಂತೆ. ಅದನ್ನು ಕೇಳಿದ ಮೇಲೆ ಅಮ್ಮ "ನನ್ನ ಕೈಲಾಗಲ್ಲ ಕಣೇ" ಅಂದುಬಿಟ್ಟರು. ಆಗ ಟ್ರಾವೆಲ್ ಏಜೆಂಟ್ ನದಿ ಕ್ರೂಸ್ ಅಂದರು. ಸೂಟ್‌ಕೇಸ್ ಒಂದೇ ಸಲ ಬಿಚ್ಚಿದರೆ ಸಾಕು, ಊರುಗಳೇ ನಮ್ಮ ಹತ್ತಿರ ಬರುತ್ತವೆ ಅಂತ.

ಎರಡು ಕೊಟೇಶನ್ ಬಂದಿವೆ. ಒಂದು ರೈನ್, ಬಾಸೆಲ್‌ನಿಂದ ಆಮ್‌ಸ್ಟರ್‌ಡ್ಯಾಂವರೆಗೆ, ಏಳು ರಾತ್ರಿ, ಆಗಸ್ಟ್ ಮಧ್ಯದಲ್ಲಿ. ಇನ್ನೊಂದು ಡ್ಯಾನ್ಯೂಬ್, ಜರ್ಮನಿಯ ಪಸ್ಸೌನಿಂದ ಹೊರಟು ವಿಯೆನ್ನಾ, ಬುಡಾಪೆಸ್ಟ್ ನೋಡಿಕೊಂಡು ವಾಪಸ್ ಪಸ್ಸೌ, ಅದೂ ಏಳು ರಾತ್ರಿ, ಸೆಪ್ಟೆಂಬರ್ ಕೊನೆಯಲ್ಲಿ. ವಿಮಾನ ಬಿಟ್ಟು ತಲೆಗೆ ಎರಡೂವರೆ ಲಕ್ಷದ ಆಸುಪಾಸು. ಎರಡಕ್ಕೂ ಅಂಥ ವ್ಯತ್ಯಾಸ ಏನಿಲ್ಲ. ಆಗಸ್ಟ್ ಆದರೆ ಗಂಡನಿಗೆ ರಜೆ ಸುಲಭ. ನಾವು ಸಸ್ಯಾಹಾರಿಗಳು, ಕುಡಿಯುವವರಲ್ಲ. (ಅಪ್ಪನ ವಿಷಯ ನನಗೆ ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳಿ.)

ಬ್ರೋಷರ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕೋಟೆ, ದ್ರಾಕ್ಷಿ ತೋಟ, ವೈನ್ ಗ್ಲಾಸ್ ಹಿಡಿದ ಬಿಳಿಗೂದಲ ಗಂಡ ಹೆಂಡತಿ. ಏನು ನೋಡಿ ಆರಿಸಬೇಕು ಹೇಳಿ.

ಕೊಬ್ಲೆನ್ಸ್ ಕನ್ನಡಿಗ

ನಾನು ರೈನ್ ದಂಡೆಯಲ್ಲೇ ಇರುವವನು. ಆದರೂ ಹೇಳುತ್ತೇನೆ, ಆಗಸ್ಟ್ ಮಧ್ಯದ ರೈನ್‌ಗೆ ಈಗಲೇ ದುಡ್ಡು ಕಟ್ಟಬೇಡಿ.

ಕಾರಣ ನೀರು. ರೈನ್ ಕ್ರೂಸಿಗೆ ಜನ ಬರುವುದೇ ಬಿಂಗೆನ್, ರ್‍ಯೂಡೆಸ್‌ಹೈಮ್ ಕಡೆಯಿಂದ ಕೊಬ್ಲೆನ್ಸ್‌ವರೆಗಿನ ಸುಮಾರು 65 ಕಿ.ಮೀ. ಕಣಿವೆ ನೋಡಲು. 2002ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಅದೇ. ನೀವು ಬ್ರೋಷರ್‌ನಲ್ಲಿ ನೋಡಿದ ಕೋಟೆಗಳು, 132 ಮೀಟರ್ ಎತ್ತರದ ಲೊರೆಲೈ ಬಂಡೆ ಎಲ್ಲಾ ಅಲ್ಲೇ. ಉಳಿದ ರೈನ್ ಬಹುಪಾಲು ಬಯಲು, ಕಾರ್ಖಾನೆ, ಸರಕು ಹಡಗು. ಚೆಂದದ ಊರುಗಳಿವೆ, ಇಲ್ಲ ಅನ್ನಲ್ಲ. ಆದರೆ ನದಿ ಚೆಂದ ಇರುವುದು ಈ ಕಣಿವೆಯಲ್ಲಿ.

ಇದೇ ಕಣಿವೆಯಲ್ಲಿ ನದಿಯ ತಳ ಬಂಡೆ, ಆಳ ಕಡಿಮೆ. ಕೌಬ್ ಎಂಬ ಪುಟ್ಟ ಊರಿನಲ್ಲಿ ನೀರಿನ ಮಟ್ಟ ಅಳೆಯುವ ಮಾಪಕ ಇದೆ. ರೈನ್‌ನಲ್ಲಿ ಹಡಗು ಓಡಿಸುವವರೆಲ್ಲ ಬೆಳಗ್ಗೆ ಎದ್ದು ನೋಡುವುದು ಅದನ್ನೇ. 2018ರ ಅಕ್ಟೋಬರ್‌ನಲ್ಲಿ ಅದು 25 ಸೆಂ.ಮೀ.ಗೆ ಇಳಿದಿತ್ತು. 2022ರ ಆಗಸ್ಟ್ ಮಧ್ಯದಲ್ಲಿ, ಅಂದರೆ ನೀವು ಹೇಳುವ ದಿನಗಳಲ್ಲೇ, 30ರ ಆಸುಪಾಸು. ಕೇಳಿದರೆ ಪಾದ ಮುಳುಗುವಷ್ಟೇ ನೀರು ಅನ್ನಿಸುತ್ತದೆ. ಹಾಗಲ್ಲ, ಮಾಪಕದ ಸೊನ್ನೆ ನದಿಯ ತಳದಲ್ಲಿ ಇಲ್ಲ. ಹಡಗು ಹೋಗುವ ಹಾದಿಯಲ್ಲಿ ಆ ಅಂಕಿಗಿಂತ ಒಂದು ಮೀಟರಿಗೂ ಸ್ವಲ್ಪ ಜಾಸ್ತಿ ಆಳ ಇರುತ್ತದೆ. ಆದರೂ ಮಾಪಕ 30 ತೋರಿಸಿದಾಗ ಒಂದೂವರೆ ಮೀಟರಿಗೂ ಕಡಿಮೆಯೇ ಆಯಿತು. ಇನ್ನೂರು ಜನರ ಹಡಗು ಹೆಚ್ಚುಕಡಿಮೆ ಅಷ್ಟು ನೀರಿನೊಳಗೆ ಇಳಿದೇ ಇರುತ್ತದೆ. ಕೌಬ್ ಎದುರು ನದಿಯ ನಡುವೆ ಬಂಡೆಯ ಮೇಲೆ ಒಂದು ಬಿಳೀ ಕೋಟೆ ಇದೆ, ಪ್ಫಾಲ್ಟ್ಸ್‌ಗ್ರಾಫೆನ್‌ಸ್ಟೈನ್ ಅಂತ. ಬೇರೆ ದಿನ ದೋಣಿಯಲ್ಲೇ ಹೋಗಬೇಕು. ಅಂಥ ಬರಗಾಲದ ದಿನಗಳಲ್ಲಿ ಜನ ಚಪ್ಪಲಿಯನ್ನೂ ಬಿಚ್ಚದೆ ನಡೆದುಕೊಂಡು ಹೋಗುತ್ತಾರೆ.

ಹೀಗಾದಾಗ ಹಡಗಿನವರು ಏನು ಮಾಡುತ್ತಾರೆ? ಹಡಗನ್ನು ಒಂದು ಕಡೆ ನಿಲ್ಲಿಸಿ ಹೋಟೆಲ್ ಥರ ನಡೆಸುತ್ತಾರೆ, ನೀವು ಬಸ್ಸಿನಲ್ಲಿ ಊರು ನೋಡಿ ಬರಬೇಕು. ಇಲ್ಲವೇ ಬಸ್ಸಿನಲ್ಲಿ ಕಣಿವೆ ದಾಟಿಸಿ ಆ ಕಡೆ ನಿಂತಿರುವ ತಮ್ಮದೇ ಇನ್ನೊಂದು ಹಡಗಿಗೆ ಹತ್ತಿಸುತ್ತಾರೆ. ಅಮ್ಮ ಯಾವುದು ಬೇಡ ಅಂದರೋ ಅದೇ ಬಂತು, ಅಲ್ವಾ?

ಪ್ರತಿ ಆಗಸ್ಟೂ ಹೀಗೆ ಅಂತಲ್ಲ. ಎಷ್ಟೋ ವರ್ಷ ಸರಾಗವಾಗಿ ಓಡಿದೆ. ಆದರೆ ರೈನೇ ಬೇಕು ಅಂದರೆ ಮೇ, ಜೂನ್ ನೋಡಿ. ಆಲ್ಪ್ಸ್‌ನ ಹಿಮ ಕರಗಿ ನೀರು ಚೆನ್ನಾಗಿರುತ್ತದೆ. ಆಮೇಲೆ ಏಜೆಂಟ್ ಹತ್ತಿರ ಒಂದೇ ಪ್ರಶ್ನೆ ಕೇಳಿ: "ರ್‍ಯೂಡೆಸ್‌ಹೈಮ್‌ನಿಂದ ಹಡಗು ಎಷ್ಟು ಗಂಟೆಗೆ ಬಿಡುತ್ತದೆ?" ಬೆಳಗ್ಗೆ ಅಥವಾ ಮಧ್ಯಾಹ್ನ ಅಂದರೆ ಸರಿ. ರಾತ್ರಿ ಬಿಡುವ ಹಡಗೂ ಇವೆ. ಅವುಗಳಲ್ಲಿ ನೀವು ಲೊರೆಲೈ ಪಕ್ಕ ಗೊರಕೆ ಹೊಡೆಯುತ್ತಾ ಹೋಗುತ್ತೀರಿ.

ದಂಡೆಯಲ್ಲಿ ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ ಕಿಲೋಮೀಟರ್ ನಂಬರ್ ಬರೆದಿರುತ್ತಾರೆ. ಕೌಬ್ ಕೋಟೆ 546, ಲೊರೆಲೈ 554. ಮೇಲಿನ ಡೆಕ್ಕಿನಲ್ಲಿ ಕೂತು ಅದನ್ನು ನೋಡುತ್ತಿದ್ದರೆ ಯಾವ ಕೋಟೆ ಯಾವುದು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಮಂಡ್ಯದ ಗೌಡ

ನಾವು ಕೆಆರ್‌ಎಸ್ 124.80 ಅಡಿ ಆಯ್ತಾ ಅಂತ ನೋಡುವ ಹಾಗೆ ಅಲ್ಲಿನವರು ಕೌಬ್ ನೋಡುತ್ತಾರೆ ಅನ್ನಿ. ಹಾಗಾದರೆ ನಮ್ಮವರಿಗೆ ಅಭ್ಯಾಸ ಇದೆ ಬಿಡಿ.

ವಿಯೆನ್ನಾ ವಾಸಿ

ಕೊಬ್ಲೆನ್ಸ್‌ನವರು ಹೇಳಿದ್ದು ಸರಿ. ಡ್ಯಾನ್ಯೂಬ್ ಬಗ್ಗೆ ನಾನು ಹೇಳುತ್ತೇನೆ.

ಡ್ಯಾನ್ಯೂಬ್‌ನಲ್ಲೂ ನೀರಿನ ತಕರಾರು ಇದೆ. ಆದರೆ ಬೇಸಿಗೆಯಲ್ಲಿ ಜಾಸ್ತಿ ತೊಂದರೆ ಕೊಡುವುದು ಜರ್ಮನಿಯ ಸ್ಟ್ರೌಬಿಂಗ್ ಮತ್ತು ವಿಲ್ಸ್‌ಹೋಫೆನ್ ನಡುವಿನ ಭಾಗ. ಅಲ್ಲಿ ಅಣೆಕಟ್ಟು ಇಲ್ಲ, ನದಿ ತನ್ನ ಪಾಡಿಗೆ ಹರಿಯುತ್ತದೆ. ನ್ಯೂರೆಂಬರ್ಗ್‌ನಿಂದ ಬುಡಾಪೆಸ್ಟ್‌ಗೆ ಹೋಗುವ ಹಡಗುಗಳು ಇದನ್ನು ದಾಟಲೇಬೇಕು. ಪಸ್ಸೌ ಅದಕ್ಕಿಂತ ಕೆಳಗಿದೆ. ಪಸ್ಸೌನಿಂದ ಹೊರಟರೆ ಆ ಗೊಡವೆಯೇ ಇಲ್ಲ. ಆಸ್ಟ್ರಿಯಾದಲ್ಲಿ ಬಹುಪಾಲು ಅಣೆಕಟ್ಟುಗಳಿರುವುದರಿಂದ ನೀರು ನಿಂತಿರುತ್ತದೆ. ಏಜೆಂಟ್ ಗೊತ್ತಿದ್ದು ಕೊಟ್ಟರೋ, ಸುಮ್ನೆ ಕೊಟ್ಟರೋ, ನಿಮ್ಮ ಎರಡನೇ ಕೊಟೇಶನ್ ಒಳ್ಳೆಯದು.

ಇನ್ನೊಂದು ಕಡೆಯೂ ಹೇಳಿಬಿಡುತ್ತೇನೆ. ಪ್ರವಾಹ. ಪಸ್ಸೌನಲ್ಲಿ ಡ್ಯಾನ್ಯೂಬ್, ಇನ್, ಇಲ್ಟ್ಸ್ ಮೂರು ನದಿಗಳೂ ಸೇರುತ್ತವೆ. 2013ರ ಜೂನ್‌ನಲ್ಲಿ ಅಲ್ಲಿ ನೀರು 12.89 ಮೀಟರ್‌ಗೆ ಏರಿತ್ತು, 1501ರ ನಂತರ ಅಷ್ಟು ಬಂದಿರಲಿಲ್ಲ. 2024ರ ಸೆಪ್ಟೆಂಬರ್ ಮಧ್ಯದಲ್ಲಿ ಇಲ್ಲಿ ಆಸ್ಟ್ರಿಯಾದಲ್ಲೇ ಭಾರಿ ಮಳೆಯಾಗಿ ಹಡಗು ಸಂಚಾರ ನಿಂತಿತು. ಸೇತುವೆ ಕೆಳಗೆ ತೂರಲು ಜಾಗವೇ ಇರುವುದಿಲ್ಲ ಆಗ. ಯಾವ ನದಿಯೂ ಯಾವ ತಿಂಗಳಿಗೂ ಗ್ಯಾರಂಟಿ ಕೊಡುವುದಿಲ್ಲ. ಆದರೆ ಆಗಸ್ಟ್ ರೈನ್, ಸೆಪ್ಟೆಂಬರ್ ಕೊನೆಯ ಪಸ್ಸೌ ಎರಡರಲ್ಲಿ ನಾನಾದರೆ ಕಣ್ಣು ಮುಚ್ಚಿ ಎರಡನೆಯದು.

ನೋಡುವುದಕ್ಕೆ ಏನಿದೆ ಅಂದರೆ, ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖೌ ಕಣಿವೆ. ಮೂವತ್ತೈದು ಕಿ.ಮೀ. ಚಿಲ್ಲರೆ ಅಷ್ಟೇ. ಒಂದು ಕಡೆ ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ, ಕೆಳಗೆ ಏಪ್ರಿಕಾಟ್ ತೋಟ, ನದಿಯ ತಿರುವಿನಲ್ಲಿ ಡ್ಯೂರ್ನ್‌ಸ್ಟೈನ್‌ನ ನೀಲಿ ಬಣ್ಣದ ಚರ್ಚ್ ಗೋಪುರ. ಅದರ ಮೇಲಿನ ಹಾಳುಕೋಟೆಯಲ್ಲೇ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192-93ರ ಚಳಿಗಾಲದಲ್ಲಿ ಸೆರೆ ಇಟ್ಟಿದ್ದು. ಪಸ್ಸೌ ವಾಪಸ್ ಪ್ರವಾಸಗಳಲ್ಲಿ ಹೋಗುವಾಗ ಸಾಮಾನ್ಯವಾಗಿ ವಾಖೌ ರಾತ್ರಿ ದಾಟುತ್ತಾರೆ, ಬರುವಾಗ ಹಗಲು. ಬರುವಾಗಲಾದರೂ ಹಗಲೇ ಅಂತ ವೇಳಾಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ. ನದಿಯ ಹರಿವಿಗೆ ಎದುರಾಗಿ ಬರುವುದರಿಂದ ಹಡಗು ನಿಧಾನ, ಮೂರು ಗಂಟೆ ಹತ್ತಿರ ಹಿಡಿಯುತ್ತದೆ. ಅದೇ ಲಾಭ.

ವಿಯೆನ್ನಾದಲ್ಲಿ ಹಡಗು ಊರ ನಡುವೆ ನಿಲ್ಲುವುದಿಲ್ಲ, ತಿಳಿದಿರಲಿ. ರೈಶ್‌ಬ್ರ್ಯೂಕೆ ಸೇತುವೆ ಹತ್ತಿರ ನಿಲ್ಲುತ್ತದೆ. ಹಡಗಿನವರು ಸಿಟಿ ಟೂರ್ ಅಂತ ತಲೆಗೆ ಐವತ್ತು ಯೂರೋ ಕೇಳಬಹುದು. ಅಲ್ಲಿಂದ ನಡೆಯುವಷ್ಟು ದೂರದಲ್ಲೇ ಫೋರ್‌ಗಾರ್ಟನ್‌ಸ್ಟ್ರಾಸೆ ಮೆಟ್ರೊ ನಿಲ್ದಾಣ ಇದೆ. ಯು1 ಹತ್ತಿದರೆ ನಾಲ್ಕನೇ ಸ್ಟಾಪ್ ಸ್ಟೆಫಾನ್ಸ್‌ಪ್ಲಾಟ್ಸ್, ದೊಡ್ಡ ಕೆಥೆಡ್ರಲ್ ಬಾಗಿಲಿಗೇ ಹೋಗಿ ಇಳಿಯುತ್ತೀರಿ. ಲಿಫ್ಟ್ ಇದೆ. ಕೆಲವು ಹಡಗು ನುಸ್‌ಡಾರ್ಫ್‌ನಲ್ಲಿ ನಿಲ್ಲುತ್ತವೆ, ಅಲ್ಲಾದರೆ ಡಿ ಟ್ರಾಮ್. ಬ್ರಾಟಿಸ್ಲಾವಾ, ಬುಡಾಪೆಸ್ಟ್ ಎರಡರಲ್ಲೂ ಹಡಗು ಊರ ಮಧ್ಯಕ್ಕೇ ಬರುತ್ತದೆ. ಬುಡಾಪೆಸ್ಟ್‌ನಲ್ಲಿ ದಂಡೆಯುದ್ದಕ್ಕೂ 2ನೇ ನಂಬರ್ ಟ್ರಾಮ್ ಓಡುತ್ತದೆ. ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ ಪಾರ್ಲಿಮೆಂಟ್‌ವರೆಗೆ ಹೋಗಿ ಬನ್ನಿ, ಯಾವ ಟೂರೂ ಬೇಡ.

ರೈಲು ರಾಯ

ಎಲ್ಲರೂ ಬಯ್ಯಬಹುದು, ಆದರೂ ಕೇಳುತ್ತೇನೆ. ನಾಲ್ಕು ಜನಕ್ಕೆ ಹತ್ತು ಲಕ್ಷ ಕೊಟ್ಟು ಹಡಗೇ ಯಾಕೆ? ವಿಯೆನ್ನಾದಲ್ಲಿ ನಾಲ್ಕು ರಾತ್ರಿ, ಬುಡಾಪೆಸ್ಟ್‌ನಲ್ಲಿ ಮೂರು ರಾತ್ರಿ ಒಳ್ಳೆ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ, ಅಡುಗೆಮನೆ ಸಮೇತ. ನಡುವೆ ರೈಲು ಎರಡೂವರೆ ಗಂಟೆ ಚಿಲ್ಲರೆ. ವಾಖೌ ನೋಡಬೇಕಾ? ಬೆಳಗ್ಗೆ ರೈಲಿನಲ್ಲಿ ಮೆಲ್ಕ್‌ಗೆ ಹೋಗಿ, ಅಲ್ಲಿಂದ ಕ್ರೆಮ್ಸ್‌ಗೆ ದಿನದ ದೋಣಿ ಇದೆ, ಸಂಜೆ ರೈಲಿನಲ್ಲಿ ವಾಪಸ್. ರೈನ್‌ನಲ್ಲೂ ಅಷ್ಟೇ, ಕೆ.ಡಿ. ಕಂಪನಿಯ ದೋಣಿಗಳು 1820ರ ದಶಕದಿಂದ ಓಡಾಡುತ್ತಿವೆ. ಅದೇ ಕೋಟೆ, ಅದೇ ನೀರು, ಅರ್ಧಕ್ಕಿಂತ ಕಡಿಮೆ ದುಡ್ಡು. ಹಡಗಿನಲ್ಲಿ ಊಟಕ್ಕೆ ವೈನ್ ಉಚಿತ ಅನ್ನುತ್ತಾರೆ. ಕುಡಿಯದವರು ಅದಕ್ಕೂ ದುಡ್ಡು ಕೊಟ್ಟೇ ಇರುತ್ತಾರೆ.

ಹಾಸನದ ಹುಡುಗಿ

ರಾಯರೇ, ನಾವಿಬ್ಬರೇ ಆಗಿದ್ದರೆ ಹಾಗೇ ಮಾಡುತ್ತಿದ್ದೆವು. ಅಮ್ಮನಿಗೆ ಅಡುಗೆಮನೆ ತೋರಿಸಿದರೆ ಯುರೋಪಿಗೆ ಹೋಗಿಯೂ ಸಾರು ಮಾಡುತ್ತಾ ನಿಲ್ಲುತ್ತಾರೆ. ಅದನ್ನು ತಪ್ಪಿಸುವುದೂ ಈ ಪ್ರವಾಸದ ಒಂದು ಉದ್ದೇಶ.

ರೈಲು ರಾಯ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹಡಗಿಗೇ ಹೋಗಿ ಮೇಡಂ.

ಕುಂದಾಪ್ರದ ನಾವಿಕ

ನಾನು ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೆಂಡತಿಯ ಜೊತೆ ಎರಡೂ ನದಿ ನೋಡಿದ್ದೇನೆ. ನೀವು ನದಿ ಆರಿಸುವುದಕ್ಕೆ ಕೊಡುವಷ್ಟೇ ಸಮಯವನ್ನು ಕ್ಯಾಬಿನ್ ಆರಿಸುವುದಕ್ಕೂ ಕೊಡಿ ಮಾರಾಯ್ರೆ. ಏಜೆಂಟರು ಇದನ್ನು ಹೇಳುವುದೇ ಇಲ್ಲ.

ಮೊದಲು ಹಡಗಿನ ಅಳತೆ. ರೈನ್, ಮೈನ್, ಡ್ಯಾನ್ಯೂಬ್ ಮೂರು ನದಿಗಳನ್ನೂ ಸೇರಿಸುವ ಕಾಲುವೆ 1992ರಲ್ಲಿ ಮುಗಿಯಿತು. ಅದರ ಲಾಕ್‌ಗಳ ಅಗಲ 12 ಮೀಟರ್. ಲಾಕ್ ಅಂದರೆ ಎರಡೂ ಕಡೆ ಗೇಟ್ ಇರುವ ತೊಟ್ಟಿ. ಹಡಗು ಒಳಗೆ ಹೋದ ಮೇಲೆ ನೀರು ತುಂಬಿಸಿ ಮೇಲೆತ್ತುತ್ತಾರೆ, ಇಲ್ಲವೇ ಬಿಟ್ಟು ಇಳಿಸುತ್ತಾರೆ. 12 ಮೀಟರಿನಲ್ಲಿ ತೂರಬೇಕಾದ್ದರಿಂದ ಹಡಗು 11.4 ಮೀಟರ್ ಅಗಲ, ಉದ್ದ 110 ಅಥವಾ 135 ಮೀಟರ್. ದುಬಾರಿ ಕಂಪನಿಯಾದರೂ ಸಾಮಾನ್ಯವಾಗಿ ಹೊರಮೈ ಇದೇ. ಆ ಅಗಲದಲ್ಲಿ ಎರಡು ಕಡೆ ಕ್ಯಾಬಿನ್, ನಡುವೆ ಓಣಿ. ಹಾಗಾಗಿ ಕ್ಯಾಬಿನ್ ದೊಡ್ಡದಿರುತ್ತದೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ. ಲಾಕ್ ಒಳಗೆ ನಿಂತಾಗ ಕಿಟಕಿ ಪರದೆ ಸರಿಸಿದರೆ ಕಾಣುವುದು ಪಾಚಿ ಹಿಡಿದ ಕಾಂಕ್ರೀಟ್ ಗೋಡೆ. ಕೈ ಚಾಚಿದರೆ ಮುಟ್ಟಬಹುದು, ಚಾಚಬೇಡಿ ಅಂತ ಬೋರ್ಡೂ ಇರುತ್ತದೆ.

ಸಾಮಾನ್ಯವಾಗಿ ಮೂರು ಅಂತಸ್ತು. ಎಲ್ಲಕ್ಕಿಂತ ಕೆಳಗಿನದು ಅಗ್ಗ. ಅದರ ಕಿಟಕಿ ಸಣ್ಣದು, ಎತ್ತರದಲ್ಲಿರುತ್ತದೆ, ತೆಗೆಯಲು ಬರುವುದಿಲ್ಲ. ನೀರು ಕಿಟಕಿಯ ಸ್ವಲ್ಪ ಕೆಳಗೇ. ನಿಮ್ಮಿಬ್ಬರಿಗೆ ಅದು ಸಾಕು, ಮಲಗಲು ತಾನೇ. ಆದರೆ ಅಮ್ಮನಿಗೆ ಬೇಡ. ಎಷ್ಟೋ ಹಡಗಿನಲ್ಲಿ ಲಿಫ್ಟ್ ಮೇಲಿನ ಎರಡು ಅಂತಸ್ತಿನ ನಡುವೆ ಮಾತ್ರ ಓಡಾಡುತ್ತದೆ. ಕೆಳಗಿನ ಅಂತಸ್ತಿಗೂ ಇಲ್ಲ, ತೆರೆದ ಡೆಕ್ಕಿಗೂ ಇಲ್ಲ. "ಲಿಫ್ಟ್ ಇದೆಯಾ" ಅಂತ ಕೇಳಬೇಡಿ, "ಎಲ್ಲಿಂದ ಎಲ್ಲಿಗೆ" ಅಂತ ಕೇಳಿ.

ಫ್ರೆಂಚ್ ಬಾಲ್ಕನಿ ಅಂತ ಬರೆದಿದ್ದರೆ ಅದು ಬಾಲ್ಕನಿ ಅಲ್ಲ. ನೆಲದವರೆಗಿನ ಗಾಜಿನ ಬಾಗಿಲು, ಅದರ ಆಚೆ ಕಂಬಿ. ಬಾಗಿಲು ಸರಿಸಿ ಕುರ್ಚಿ ಎಳೆದುಕೊಂಡು ಕೂತರೆ ಆಯಿತು. ಹೆಚ್ಚು ದುಡ್ಡು ಕೊಟ್ಟು ನಿಜವಾದ ಬಾಲ್ಕನಿ ತೆಗೆದುಕೊಂಡರೂ ಒಂದು ಮಾತು ನೆನಪಿರಲಿ. ದಂಡೆಯಲ್ಲಿ ಜಾಗ ಕಡಿಮೆ ಇರುವ ಕಡೆ ಹಡಗಿನ ಪಕ್ಕ ಹಡಗು ಕಟ್ಟುತ್ತಾರೆ. ಬೆಳಗ್ಗೆ ಪರದೆ ಸರಿಸಿದರೆ ಎದುರಿನ ಹಡಗಿನ ಜರ್ಮನ್ ಅಜ್ಜ ಹಲ್ಲುಜ್ಜುತ್ತಿರುತ್ತಾನೆ, ಅವನಿಗೂ ನಿಮಗೂ ಮುಜುಗರ. ದಂಡೆಗೆ ಹೋಗಬೇಕಾದರೆ ಪಕ್ಕದ ಹಡಗಿನ ಲಾಬಿ ದಾಟಬೇಕು. ಲಾಬಿ ಸಾಲಾಗಿ ಬರದಿದ್ದರೆ ಮೇಲಿನ ಡೆಕ್ಕಿಗೆ ಹತ್ತಿ, ಆ ಹಡಗಿಗೆ ದಾಟಿ, ಮತ್ತೆ ಇಳಿಯಬೇಕು. ಅಮ್ಮನ ಮಂಡಿಗೆ ಕಷ್ಟ ಇರುವುದು ಇಲ್ಲೇ, ಊರು ನೋಡುವುದರಲ್ಲಲ್ಲ.

ಸದ್ದಿನ ವಿಷಯ. ಹಿಂಭಾಗದಲ್ಲಿ ಎಂಜಿನ್. ಮುಂಭಾಗದಲ್ಲಿ ಹಡಗಿನ ಮೂತಿ ತಿರುಗಿಸುವ ಬೋ ಥ್ರಸ್ಟರ್. ಲಾಕ್ ಒಳಗೆ ಹೋಗುವಾಗ, ದಂಡೆಗೆ ಕಟ್ಟುವಾಗ ಅದು ಗುರ್ ಅಂತ ಶುರುವಾಗುತ್ತದೆ, ರಾತ್ರಿ ಮೂರಾದರೂ ಸರಿ. ಹಡಗಿನ ನಕ್ಷೆ ತರಿಸಿ, ಉದ್ದದಲ್ಲಿ ನಟ್ಟನಡುವಿನ ಕ್ಯಾಬಿನ್ ಹಿಡಿಯಿರಿ. "ಕ್ಯಾಬಿನ್ ನಂಬರ್ ಆಮೇಲೆ ಕೊಡುತ್ತೇವೆ, ಅದಕ್ಕೆ ರಿಯಾಯಿತಿ" ಅಂದರೆ ಒಪ್ಪಬೇಡಿ. ಆ ರಿಯಾಯಿತಿ ಎಂಜಿನ್ ಮೇಲೆ ಮಲಗುವುದಕ್ಕೆ.

ವಾಂತಿ, ತಲೆಸುತ್ತು ಭಯ ಬೇಡ. ನದಿಯಲ್ಲಿ ಅಲೆಯೇ ಇಲ್ಲ. ಆದರೆ ಸಮುದ್ರದ ಹಡಗಿನಲ್ಲಿ ಇರುವಂತೆ ಡಾಕ್ಟರ್ ಸಾಮಾನ್ಯವಾಗಿ ಇರುವುದಿಲ್ಲ. ದಂಡೆ ಪಕ್ಕದಲ್ಲೇ ಅಂತ. ಅಪ್ಪ ಅಮ್ಮನ ಮಾತ್ರೆ, ಚೀಟಿ ಎಲ್ಲಾ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಪೋರ್ಟೊ ಪ್ರಯಾಣಿಕ

ಯಾರೂ ಪೋರ್ಚುಗಲ್‌ನ ಡೌರೊ ಹೆಸರೇ ಎತ್ತಲಿಲ್ಲವಲ್ಲ! ಹಗಲು ಮಾತ್ರ ಹಡಗು ಓಡುತ್ತದೆ, ರಾತ್ರಿ ನಿಲ್ಲುತ್ತದೆ. ಏನೂ ತಪ್ಪಿಹೋಗುವುದಿಲ್ಲ, ನಿದ್ದೆಯೂ ಚೆನ್ನಾಗಿ ಬರುತ್ತದೆ. ಹಡಗೂ ಚಿಕ್ಕದು, 80 ಮೀಟರ್. ಕರಾಪಟೇಲೊ ಅಣೆಕಟ್ಟಿನ ಲಾಕ್ ಒಂದೇ ಏಟಿಗೆ 35 ಮೀಟರ್ ಮೇಲೆತ್ತುತ್ತದೆ. ಕೆಳಗೆ ನಿಂತು ನೋಡಿದರೆ ಬಾವಿಯ ತಳದಿಂದ ಆಕಾಶ ನೋಡಿದ ಹಾಗಿರುತ್ತದೆ.

ಕುಂದಾಪ್ರದ ನಾವಿಕ

ಡೌರೊ ಒಳ್ಳೆಯದೇ. ಆದರೆ ಅಲ್ಲಿ ನೋಡುವುದು ಮುಖ್ಯವಾಗಿ ವೈನ್ ತೋಟ, ರುಚಿ ನೋಡುವುದೂ ವೈನೇ. ಬೆಟ್ಟದ ತಿರುವಿನಲ್ಲಿ ಬಸ್ ಹತ್ತಿಸುತ್ತಾರೆ, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಇವರ ಮನೆಗೆ ಹೊಂದುವುದಿಲ್ಲ.

ಕಾಫಿಪುಡಿ

ಅತ್ತೆ ಮಾವನ ಜೊತೆ ರೈನ್‌ಗೆ ಹೋಗಿದ್ದವಳು ನಾನು. ಕೊಬ್ಲೆನ್ಸ್‌ನವರು ಹೇಳಿದ ಬಸ್ಸಿನ ಕಥೆ ನಮಗೇ ಆಯಿತು. ಯಾವ ಕಂಪನಿ ಅಂತ ಹೇಳುವುದಿಲ್ಲ, ಎಲ್ಲರೂ ಹೀಗೇ ಮಾಡುತ್ತಾರೆ. ನೀರು ಇಳಿದಿದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ನಮಗೆ ಹೇಳಿದ್ದು ಹಡಗು ಹತ್ತಿದ ಮೇಲೆ, ಸ್ವಾಗತದ ಜ್ಯೂಸ್ ಕೊಟ್ಟು. ಕಣಿವೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆವು. ಮಾವ ಏನೂ ಅನ್ನಲಿಲ್ಲ, ಅತ್ತೆ ಇವತ್ತಿಗೂ ಅನ್ನುತ್ತಾರೆ. ಹೊರಡುವ ವಾರದ ಮೊದಲು ನೀವೇ ನೀರಿನ ಮಟ್ಟ ನೋಡಿ, ಜರ್ಮನ್ ಸರ್ಕಾರವೇ ಅಂತರ್ಜಾಲದಲ್ಲಿ ದಿನಾ ಹಾಕುತ್ತದೆ.

ಈಗ ಊಟ. ಸಸ್ಯಾಹಾರ ಸಿಗುತ್ತದಾ ಅಂದರೆ ಸಿಗುತ್ತದೆ. ಮೆನುವಿನಲ್ಲಿ ದಿನಾ ಒಂದು ಸಸ್ಯಾಹಾರಿ ಐಟಂ ಇರುತ್ತದೆ. ಒಂದು ದಿನ ಪಾಸ್ತಾ, ಒಂದು ದಿನ ಅಣಬೆ ಹಾಕಿದ ರಿಸೊಟ್ಟೊ, ಒಂದು ದಿನ ಬದನೆಕಾಯಿಯ ಮೇಲೆ ಚೀಸ್. ನಾಲ್ಕನೇ ದಿನಕ್ಕೆ ಅತ್ತೆ ಬ್ರೆಡ್ಡು ಬೆಣ್ಣೆಗೆ ಇಳಿದಿದ್ದರು. ಸೂಪ್ ಬಗ್ಗೆ ಹುಷಾರು, ನೋಡಲು ತರಕಾರಿ ಸೂಪ್, ಒಳಗೆ ಮಾಂಸ ಬೇಯಿಸಿದ ನೀರು ಇರುತ್ತದೆ. ಕೇಳಿಯೇ ತಿನ್ನಿ. ಮೊಟ್ಟೆ, ಮೀನು ತಿನ್ನುವುದಿಲ್ಲ ಅಂತ ಬುಕಿಂಗ್‌ನಲ್ಲೇ ಬಿಡಿಸಿ ಬರೆಸಿ. ಸಸ್ಯಾಹಾರಿ ಅಂತ ಮಾತ್ರ ಬರೆದರೆ ಮೀನು ತಂದಿಟ್ಟುಬಿಡುವವರೂ ಇದ್ದಾರೆ.

ನಮ್ಮ ಟೇಬಲ್ಲಿಗೆ ಇದ್ದದ್ದು ಇಂಡೋನೇಷ್ಯಾದ ಹುಡುಗ. ಅತ್ತೆ ಅವನ ಹತ್ತಿರ ಕೈಸನ್ನೆ ಮಾಡಿ ಅನ್ನ ಕೇಳಿದರು. ಅವನಿಗೆ ಆ ಕ್ಷಣಕ್ಕೇ ಗೊತ್ತಾಯಿತು, ಸಿಬ್ಬಂದಿಯ ಅಡುಗೆಗೆ ಅನ್ನ ದಿನಾ ಮಾಡುತ್ತಾರಂತೆ. ಆಮೇಲೆ ಪ್ರತಿ ರಾತ್ರಿ ನಾವು ಕೇಳದೆಯೇ ಒಂದು ಬಟ್ಟಲು ಬಿಸಿ ಅನ್ನ, ಒಂದು ಬಟ್ಟಲು ಸಪ್ಪೆ ಮೊಸರು ಬಂತು. ಅತ್ತೆ ಚೀಲದಿಂದ ಉಪ್ಪಿನಕಾಯಿ ಡಬ್ಬಿ ತೆಗೆದು, ಮುಚ್ಚಳದಲ್ಲೇ ಸ್ವಲ್ಪ ಹಾಕಿಕೊಂಡು, ಬೆಳ್ಳಿ ಫೋರ್ಕ್‌ಗಳನ್ನೆಲ್ಲ ಬದಿಗೆ ಸರಿಸಿ ಕಲಸುತ್ತಿದ್ದರು. ಕೊನೆಯ ರಾತ್ರಿ ಆ ಹುಡುಗನೂ ಒಂದು ಹೋಳು ಬಾಯಿಗೆ ಹಾಕಿಕೊಂಡ.

ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ತೆಗೆದುಕೊಂಡು ಹೋಗಿ. ತುಪ್ಪ, ಪೇಡ, ಪನೀರ್ ಬೇಡ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧ ಇದೆ. ಕೆಟಲ್, ರೈಸ್ ಕುಕ್ಕರ್ ಹಡಗಿನ ಕ್ಯಾಬಿನ್‌ನಲ್ಲಿ ಹಚ್ಚಲು ಬಿಡುವುದಿಲ್ಲ, ಬೆಂಕಿಯ ಭಯ. ಬಿಸಿನೀರು ಲಾಬಿಯ ಕಾಫಿ ಮೆಷಿನ್‌ನಲ್ಲಿ ಇಡೀ ದಿನ ಸಿಗುತ್ತದೆ. ಕಾಫಿ ಬಗ್ಗೆ ಮಾತ್ರ ಏನೂ ಕೇಳಬೇಡಿ.

ಬಸವನಗುಡಿ ಬಾಬು

ದುಡ್ಡಿನ ಲೆಕ್ಕ ಯಾರೂ ಬಿಡಿಸಿ ಹೇಳಲಿಲ್ಲ. ಕೊಟೇಶನ್‌ನಲ್ಲಿ ಇವು ಸೇರಿವೆಯಾ ನೋಡಿ: ಬಂದರು ಶುಲ್ಕ, ಟಿಪ್ಸ್, ಊರು ತೋರಿಸುವ ಟೂರ್‌ಗಳು, ಕುಡಿಯುವ ನೀರು. ಟಿಪ್ಸ್ ಅಂತ ದಿನಕ್ಕೆ ತಲೆಗೆ ಹತ್ತು ಯೂರೋ ಮೇಲೆ ಕೇಳುವುದು ಮಾಮೂಲಿ. ನಾಲ್ಕು ಜನಕ್ಕೆ ಏಳು ದಿನ ಲೆಕ್ಕ ಹಾಕಿ, ಸಣ್ಣ ಮೊತ್ತ ಅಲ್ಲ. ಎಲ್ಲಾ ಸೇರಿದ ದುಬಾರಿ ಹಡಗಿಗೂ, ಏನೂ ಸೇರದ ಅಗ್ಗದ ಹಡಗಿಗೂ ಕೊನೆಗೆ ವ್ಯತ್ಯಾಸ ಅಂದುಕೊಂಡಷ್ಟು ಇರುವುದಿಲ್ಲ. ನೀವು ಟೂರ್ ಬಿಟ್ಟು ಮೆಟ್ರೊ, ಟ್ರಾಮ್ ಹತ್ತುವವರಾದರೆ ಅಗ್ಗದ್ದೇ ಲಾಭ.

ಹಡಗಿನ ಭಾಷೆಯನ್ನೂ ಕೇಳಿ. ಕ್ರೊಯ್ಸಿಯುರೋಪ್ ಫ್ರೆಂಚ್ ಕಂಪನಿ, ಎ-ರೋಸಾ, ನಿಕೊ ಜರ್ಮನ್ ಕಡೆಯವು. ವೈಕಿಂಗ್, ಅಮಾದಂಥವು ಇಂಗ್ಲಿಷ್ ಮಾತಾಡುವವರಿಗೆ ಅಂತಲೇ ನಡೆಸುವವು, ರೇಟೂ ಹಾಗೇ. ಜರ್ಮನ್ ಹಡಗಿನಲ್ಲಿ ನಾಲ್ಕು ಜನ ಕನ್ನಡದವರು ಹಾಯಾಗಿ ಇರಬಹುದು, ಆದರೆ ಮೈಕ್‌ನಲ್ಲಿ ಬರುವ ಪ್ರಕಟಣೆ ಇಂಗ್ಲಿಷ್‌ನಲ್ಲೂ ಬರುತ್ತದಾ ಅಂತ ತಿಳಿದುಕೊಳ್ಳಿ. ಮಕ್ಕಳಿರುವ ಬೇರೆಯವರು ಇದನ್ನು ಓದುತ್ತಿದ್ದರೆ, ವೈಕಿಂಗ್‌ನಲ್ಲಿ 18 ತುಂಬದವರಿಗೆ ಪ್ರವೇಶ ಇಲ್ಲ.

ಇಲ್ಲಿನ ಏಜೆಂಟ್ ಮೂಲಕ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ ಹಿಡಿಯುತ್ತಾರೆ, ಅಂದರೆ ಮಾರುವವರೇ ಮುಂಚಿತವಾಗಿ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ. ಅದು ಹೋದ ದುಡ್ಡಲ್ಲ, ರಿಟರ್ನ್ಸ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಯಾರ ಪ್ಯಾನ್ ಮೇಲೆ ಹಾಕಿಸುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಿ. ಅಪ್ಪನ ಹೆಸರಿನಲ್ಲಿ ಹಾಕಿಸಿದರೆ, ಅವರಿಗೆ ತೆರಿಗೆಯೇ ಬರದಿದ್ದರೆ, ವಾಪಸ್ ಪಡೆಯಲು ಅವರೂ ರಿಟರ್ನ್ಸ್ ಹಾಕಬೇಕು.

ವೀಸಾ ವೆಂಕ

ಡ್ಯಾನ್ಯೂಬ್ ಆದರೆ ವೀಸಾ ಯಾವ ದೇಶಕ್ಕೆ ಹಾಕಬೇಕು ಅನ್ನುವ ಗೊಂದಲ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ನಿಯಮದಲ್ಲಿ ಜಾಸ್ತಿ ದಿನ ಎಲ್ಲಿರುತ್ತೀರೋ ಆ ದೇಶಕ್ಕೆ. ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಹಡಗಿನಲ್ಲಿ ಕಳೆಯುವ ದಿನಗಳನ್ನು ಹಡಗು ಯಾವ ದೇಶದಲ್ಲಿ ನಿಂತಿರುತ್ತದೋ ಅದಕ್ಕೆ ಸೇರಿಸಿ ಎಣಿಸಿ. ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನ ಇದೆ, ಅಲ್ಲಿಂದ ಪಸ್ಸೌಗೆ ರೈಲು ಎರಡು ಗಂಟೆ ಮೇಲೆ. ಮ್ಯೂನಿಕ್‌ನಲ್ಲಿ ಎಷ್ಟು ರಾತ್ರಿ ಇರುತ್ತೀರಿ ಅನ್ನುವುದರ ಮೇಲೆ ಜರ್ಮನಿಯೋ ಆಸ್ಟ್ರಿಯಾವೋ ತೀರ್ಮಾನವಾಗುತ್ತದೆ. ಊರು, ದಿನ, ಗಂಟೆ ಇರುವ ಹಡಗಿನ ವೇಳಾಪಟ್ಟಿಯನ್ನು ಕಂಪನಿಯ ಲೆಟರ್‌ಹೆಡ್‌ನಲ್ಲೇ ತರಿಸಿ ಅರ್ಜಿಗೆ ಲಗತ್ತಿಸಿ.

ಶುಲ್ಕ ದೊಡ್ಡವರಿಗೆ 90 ಯೂರೋ, ಮೇಲೆ ಸೇವಾ ಶುಲ್ಕ. ವಿಮೆ ಕನಿಷ್ಠ 30,000 ಯೂರೋ. ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಹಾಕಿ. ಬೇಸಿಗೆ ರಜೆಗೆ ಹೋಗುವವರ ನೂಕುನುಗ್ಗಲು ಏಪ್ರಿಲ್, ಮೇನಲ್ಲಿ ಇರುತ್ತದೆ, ಅದನ್ನು ತಪ್ಪಿಸಿಕೊಳ್ಳಿ. ಯಾರಾದರೂ ಬುಡಾಪೆಸ್ಟ್ ದಾಟಿ ಬೆಲ್‌ಗ್ರೇಡ್‌ವರೆಗೆ ಹೋಗುವ ಹಡಗು ನೋಡುತ್ತಿದ್ದರೆ, ಸರ್ಬಿಯಾ ಶೆಂಗೆನ್ ಅಲ್ಲ. ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು, ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಇರುವ ವೀಸಾನೇ ಬೇಕು.

ಹಾಸನದ ಹುಡುಗಿ

ಎಷ್ಟು ವಿಷಯ ಕೊಟ್ಟಿರಿ! ಗಂಡನಿಗೆ ಓದಿಸಿದೆ, ರಜೆ ಸೆಪ್ಟೆಂಬರ್‌ಗೆ ಬದಲಿಸಿದರು. ಡ್ಯಾನ್ಯೂಬ್ ಅಂತ ತೀರ್ಮಾನ. ಆದರೆ ಅಪ್ಪ ಹೊಸದೊಂದು ಶುರು ಮಾಡಿದ್ದಾರೆ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಮಾರ್ಕೆಟ್ ಇರುತ್ತದಂತೆ, ರೇಟೂ ಕಡಿಮೆಯಂತೆ, ಆಗಲೇ ಹೋಗೋಣ ಅಂತ.

ಏಜೆಂಟ್ ಕಳಿಸಿದ ವೇಳಾಪಟ್ಟಿ ನೋಡಿದೆ. ವಾಪಸ್ ಬರುವಾಗ ಆರನೇ ದಿನ ಬೆಳಗ್ಗೆ ಡ್ಯೂರ್ನ್‌ಸ್ಟೈನ್, ಹನ್ನೊಂದಕ್ಕೆ ಬಿಟ್ಟು ಮಧ್ಯಾಹ್ನ ಮೆಲ್ಕ್. ಇದು ಸರಿ ತಾನೇ?

ವಿಯೆನ್ನಾ ವಾಸಿ

ಸರಿ. ಹನ್ನೊಂದಕ್ಕೆ ಹಡಗು ಬಿಟ್ಟ ಮೇಲೆ ಎಲ್ಲರೂ ಮೇಲಿನ ಡೆಕ್ಕಿನಲ್ಲೇ ಇರಿ. ಡ್ಯೂರ್ನ್‌ಸ್ಟೈನ್ ಕೋಟೆಗೆ ಹತ್ತುವ ದಾರಿ ಕಡಿದಾಗಿದೆ, ಅಪ್ಪ ಹತ್ತಲಿ, ಅಮ್ಮ ದಂಡೆಯ ಬೆಂಚಿನಲ್ಲಿ ಕೂರಲಿ. ಮೆಲ್ಕ್ ಮಠಕ್ಕೆ ಮೇಲಿನವರೆಗೆ ಬಸ್ ಹೋಗುತ್ತದೆ. ಒಳಗೆ ನಡಿಗೆ, ಮೆಟ್ಟಿಲು ಎರಡೂ ಇವೆ. "ನಿಧಾನ ನಡೆಯುವವರ ಗುಂಪು" ಅಂತ ಬೇರೆ ಮಾಡುತ್ತಾರೆ, ಅದಕ್ಕೆ ಹೆಸರು ಕೊಡಿ.

ಡಿಸೆಂಬರ್ ಬಗ್ಗೆ ಅಪ್ಪನಿಗೆ ಹೀಗೆ ಹೇಳಿ. ಇಲ್ಲಿ ಆಗ ಸಂಜೆ ನಾಲ್ಕಕ್ಕೆ ಕತ್ತಲು. ಮಾರ್ಕೆಟ್‌ಗಳು ಕತ್ತಲಲ್ಲೇ ಚೆಂದ, ದೀಪ ಎಲ್ಲಾ ಹಾಕಿರುತ್ತಾರೆ. ಆದರೆ ನದಿ ಕಾಣುವುದಿಲ್ಲ, ಡೆಕ್ಕಿನಲ್ಲಿ ಕೂರಲು ಆಗುವುದಿಲ್ಲ, ಹೊರಗೆ ಸೊನ್ನೆ ಡಿಗ್ರಿ ಆಸುಪಾಸು. ಮಾರ್ಕೆಟ್ ನೋಡುವುದಕ್ಕೆ ಹಡಗು ಬೇಕಾಗಿಲ್ಲ.

ರೈಲು ರಾಯ

ಮಾರ್ಕೆಟ್‌ಗೆ ರೈಲಿದೆ. ಸುಮ್ನೆ ಹೇಳಿದೆ.

ಹಾಸನದ ಹುಡುಗಿ

ಅಪ್ಪನಿಗೆ ಸೊನ್ನೆ ಡಿಗ್ರಿ ಅಂದ ಕೂಡಲೇ ಸೆಪ್ಟೆಂಬರ್ ಇಷ್ಟವಾಯಿತು. ಏಜೆಂಟ್ ಹತ್ತಿರ ಹಡಗಿನ ನಕ್ಷೆ ಕೇಳಿದೆ, "ಇದುವರೆಗೆ ಯಾರೂ ಕೇಳಿಲ್ಲ ಮೇಡಂ" ಅಂದರು. ಎರಡು ದಿನ ಬಿಟ್ಟು ಕಳಿಸಿದರು. ಲಿಫ್ಟ್ ಮಧ್ಯದ ಅಂತಸ್ತಿನಿಂದ ಮೇಲಿನ ಅಂತಸ್ತಿಗೆ ಮಾತ್ರ, ನಾವಿಕರು ಹೇಳಿದ ಹಾಗೇ. ಅಪ್ಪ ಅಮ್ಮನಿಗೆ ಮಧ್ಯದ ಅಂತಸ್ತಿನಲ್ಲಿ 214, ನಮಗೆ ಕೆಳಗೆ 112 ಕೇಳಿದ್ದೇನೆ. ತೆರೆದ ಡೆಕ್ಕಿಗೆ ಹತ್ತಲು ಒಂದು ಸಾಲು ಮೆಟ್ಟಿಲು ಇದೆ, ಎರಡೂ ಕಡೆ ಕಂಬಿ ಇದೆಯಂತೆ. ದಿನಕ್ಕೆ ಒಂದು ಸಲ ಹತ್ತುತ್ತೇನೆ ಅಂದಿದ್ದಾರೆ ಅಮ್ಮ.

ಮುಂಗಡ ನಾಳೆ ಕಟ್ಟುತ್ತೇನೆ. ನಾವಿಕರೇ, 112 ಥ್ರಸ್ಟರ್‌ಗೆ ಹತ್ತಿರ ಏನಲ್ಲ ತಾನೇ?

ಕುಂದಾಪ್ರದ ನಾವಿಕ

ನಂಬರ್ ನೋಡಿ ಹೇಳಲು ಬರುವುದಿಲ್ಲ, ಕೆಲವು ಹಡಗಿನಲ್ಲಿ ಮುಂದಿನಿಂದ ಎಣಿಸುತ್ತಾರೆ, ಕೆಲವರು ಹಿಂದಿನಿಂದ. ನಕ್ಷೆಯ ಫೋಟೋ ಹಾಕಿ. ನೋಡಿ ಹೇಳುತ್ತೇನೆ, ಆಮೇಲೆ ದುಡ್ಡು ಕಟ್ಟಿ.